ಮುಂಬೈ ರೈಲು ನಕ್ಷೆಯಲ್ಲಿ ಝಡ್ ಬ್ರಿಜ್ ಎಲ್ಲಿದೆ?

ಮುಂಬೈ ಲೋಕಲ್ ರೈಲಿನ ಡಬ್ಬಿಯ ಬಾಗಿಲ ಮೇಲೆ ರೈಲು ನಕ್ಷೆ ಅಂತ ಒಂದನ್ನು ಅಂಟಿಸಿರುತ್ತಾರಲ್ಲ, ಅದನ್ನು ನಕ್ಷೆ ಅಂತ ನಾನು ಒಪ್ಪುವುದಿಲ್ಲ. ಅದು ಸ್ಟೇಷನ್‌ಗಳ ಪಟ್ಟಿ, ಅಷ್ಟೇ. ಒಂದು ಗೆರೆ, ಅದರ ಮೇಲೆ ಸಮ ಅಂತರದ ಚುಕ್ಕೆಗಳು. ಚರ್ನಿ ರೋಡ್‌ನಿಂದ ಗ್ರಾಂಟ್ ರೋಡ್ ಎಷ್ಟು ದೂರವೋ, ಭಾಯಂದರ್‌ನಿಂದ ನಾಯಗಾಂವ್ ಕೂಡ ಅಷ್ಟೇ ದೂರ ಅನ್ನುತ್ತದೆ ಅದು. ನಡುವೆ ಇಡೀ ವಸಯಿ ಖಾಡಿ, ಅಂದರೆ ಸಮುದ್ರದ ಹಿನ್ನೀರು, ದಾಟಬೇಕು ಅನ್ನುವುದು ಕಿಟಕಿ ಸೀಟು ಸಿಕ್ಕವರಿಗಷ್ಟೇ ಗೊತ್ತು.

ಚರ್ಚ್‌ಗೇಟ್‌ನಿಂದ ಬೋರಿವಲಿಗೆ 34 ಕಿಲೋಮೀಟರ್, ಅಷ್ಟರಲ್ಲಿ 22 ಸ್ಟೇಷನ್. ಅಲ್ಲಿಂದ ವಿರಾರ್‌ಗೆ ಇನ್ನೂ 26 ಕಿಲೋಮೀಟರ್, ಸ್ಟೇಷನ್ ಏಳೇ. ಮನೆ ದಲ್ಲಾಳಿಗಳಿಗೆ ಈ ಪಟ್ಟಿ ಬಹಳ ಇಷ್ಟ. 'ಬೋರಿವಲಿ ಆದ್ಮೇಲೆ ಐದೇ ಸ್ಟೇಷನ್' ಅಂತ ಹೇಳಿ ವಸಯಿಯಲ್ಲಿ ಫ್ಲ್ಯಾಟ್ ತೋರಿಸುತ್ತಾರೆ.

ನಾನು ದಾದರ್‌ನ ಒಂದು ಪ್ರೆಸ್‌ನಲ್ಲಿ ಡಿಟಿಪಿ ಮಾಡುವವಳು. ಮದುವೆ ಕಾಗದದ ಹಿಂಬದಿಗೆ ಹಾಲ್‌ಗೆ ಹೋಗುವ ದಾರಿ ಬಿಡಿಸುವುದು ನನ್ನ ಪಾಲಿಗೆ ಬರುತ್ತದೆ. ಎರಡು ಇಂಚು ಜಾಗ. ಸ್ಟೇಷನ್, ಒಂದು ದೇವಸ್ಥಾನ, ಒಂದು ಪೆಟ್ರೋಲ್ ಬಂಕ್, ಹಾಲ್. ಉಳಿದ ಎಲ್ಲ ಗಲ್ಲಿಗಳನ್ನೂ ಅಳಿಸಬೇಕು, ವಕ್ರ ರಸ್ತೆಯನ್ನು ನೇರ ಮಾಡಬೇಕು. ಹಾಗಾಗಿ ಸುಳ್ಳು ಹೇಳುವ ನಕ್ಷೆಗಳ ಮೇಲೆ ನನಗೆ ಕೋಪ ಇಲ್ಲ. ಯಾರಿಗೋಸ್ಕರ ಸುಳ್ಳು ಹೇಳುತ್ತಿದೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ಈ ಸುಳ್ಳನ್ನು ಚೆನ್ನಾಗಿ ಹೇಳಿದವನು ಹ್ಯಾರಿ ಬೆಕ್. ಲಂಡನ್ ಅಂಡರ್‌ಗ್ರೌಂಡ್‌ನ ಸಿಗ್ನಲ್ ಆಫೀಸಿನಲ್ಲಿ ಎಲೆಕ್ಟ್ರಿಕಲ್ ಡ್ರಾಯಿಂಗ್ ಮಾಡುತ್ತಿದ್ದವನು. 1931ರಲ್ಲಿ ತಾನಾಗಿಯೇ ಒಂದು ನಕ್ಷೆ ಬಿಡಿಸಿದ. ಎಲ್ಲ ಲೈನ್‌ಗಳೂ ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ ಓರೆ. ಕಿಕ್ಕಿರಿದ ಊರಿನ ನಡುಭಾಗವನ್ನು ಹಿಗ್ಗಿಸಿದ, ದೂರದ ಬಡಾವಣೆಗಳನ್ನು ಹತ್ತಿರಕ್ಕೆಳೆದ. ಮೇಲಿನವರು ಮೊದಲು ಬೇಡ ಅಂದರು. 1933ರಲ್ಲಿ ಜೇಬಿಗೆ ಹಿಡಿಸುವ ಅಳತೆಯಲ್ಲಿ ಅಚ್ಚು ಹಾಕಿದರು, ಜನ ಎತ್ತಿಕೊಂಡು ಹೋದರು. ನೆಲದ ಗುರುತು ಅಂತ ಅದರಲ್ಲಿ ಉಳಿದದ್ದು ಥೇಮ್ಸ್ ನದಿ ಮಾತ್ರ. 2009ರಲ್ಲಿ ಅದನ್ನೂ ತೆಗೆದು ನೋಡಿದರು. ಊರಿಗೆ ಊರೇ ಗಲಾಟೆ ಮಾಡಿತು, ನದಿ ವಾಪಸ್ ಬಂತು.

ಬೆಕ್ ದಾರಿಯಲ್ಲಿ ಒಂದು ತೊಂದರೆ ಇದೆ. ಬೇರೆ ಬೇರೆ ಲೈನ್‌ನ ಎರಡು ಸ್ಟೇಷನ್‌ಗಳು ಪಕ್ಕಪಕ್ಕದಲ್ಲೇ ಇದ್ದರೂ ನಕ್ಷೆಯಲ್ಲಿ ಅದು ಕಾಣುವುದಿಲ್ಲ. ಲಂಡನ್‌ನ ಬೇಸ್‌ವಾಟರ್ ಮತ್ತು ಕ್ವೀನ್ಸ್‌ವೇ ಒಂದೇ ರಸ್ತೆಯಲ್ಲಿವೆ, ನಡೆದರೆ ಎರಡು-ಮೂರು ನಿಮಿಷ. ಸುಮ್ನೆ ನಕ್ಷೆ ನಂಬಿದವರು ರೈಲು ಬದಲಾಯಿಸಿಕೊಂಡು ಸುತ್ತುತ್ತಾರೆ. ಅದಕ್ಕೇ ಅಲ್ಲಿನವರು 2015ರಲ್ಲಿ, ಸ್ಟೇಷನ್‌ನಿಂದ ಸ್ಟೇಷನ್‌ಗೆ ನಡೆಯಲು ಎಷ್ಟು ನಿಮಿಷ ಅಂತ ತೋರಿಸುವ ಇನ್ನೊಂದು ನಕ್ಷೆ ಹೊರತಂದರು.

ಮುಂಬೈಗೆ ಬೇಕಾದದ್ದು ಇದೇ. ಇದನ್ನು ಕನ್ನಡದವರಿಗೆ ವಿವರಿಸಲು ಮಾಟುಂಗಾ ಬಡಾವಣೆ ಒಂದು ಸಾಕು. ಅಲ್ಲಿ ಮೂರು ಲೈನ್‌ಗೆ ಮೂರು ಸ್ಟೇಷನ್. ಪಶ್ಚಿಮ ರೈಲ್ವೆಯಲ್ಲಿ ಮಾಟುಂಗಾ ರೋಡ್, ಸೆಂಟ್ರಲ್‌ನಲ್ಲಿ ಮಾಟುಂಗಾ, ಹಾರ್ಬರ್‌ನಲ್ಲಿ ಕಿಂಗ್ಸ್ ಸರ್ಕಲ್. ಕರ್ನಾಟಕ ಸಂಘ ಇರುವುದು ಮಾಟುಂಗಾ ರೋಡ್ ಪಶ್ಚಿಮಕ್ಕೆ. ಮೈಸೂರು ಅಸೋಸಿಯೇಷನ್ ಇರುವುದು ಪೂರ್ವದ ಭಾವುದಾಜಿ ರೋಡ್‌ನಲ್ಲಿ. ಧಾರವಾಡದಿಂದ ಬಂದಿದ್ದ ನಮ್ಮ ಕಾಕಾ ಬೆಳಿಗ್ಗೆ ಸಂಘದಲ್ಲೊಂದು ಭಾಷಣ ಕೇಳಿ, ಸಂಜೆ ಅಸೋಸಿಯೇಷನ್‌ನಲ್ಲೊಂದು ನಾಟಕ ನೋಡಬೇಕಿತ್ತು. ನಕ್ಷೆ ಪ್ರಕಾರ ಅವರು ಮಾಟುಂಗಾ ರೋಡ್‌ನಲ್ಲಿ ಹತ್ತಬೇಕು, ದಾದರ್‌ನಲ್ಲಿ ಇಳಿಯಬೇಕು, ಆ ಜನಸಂದಣಿಯ ಬ್ರಿಜ್ ದಾಟಬೇಕು, ಸೆಂಟ್ರಲ್‌ನ ಸ್ಲೋ (ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುವ ಲೋಕಲ್) ಹಿಡಿದು ಒಂದು ಸ್ಟೇಷನ್ ಹಿಂದಕ್ಕೆ ಬರಬೇಕು.

'ಎರಡೂ ಮಾಟುಂಗಾನ ಅದಾವಲ್ಲವಾ, ಮತ್ತ ದಾದರಿಗೆ ಯಾಕ ಹೋಗೂದು?' ಅಂತ ಕಾಕಾ ಕೇಳಿದರು.

ಹೋಗಬೇಕಾಗಿಲ್ಲ. ಎರಡೂ ರೈಲ್ವೆಯ ಹಳಿಗಳ ಮೇಲೆ ಝಡ್ ಬ್ರಿಜ್ ಇದೆ. ಆಕಾರವೇ ಇಂಗ್ಲಿಷಿನ ಝಡ್ ಥರ, ಹೆಸರೂ ಅದೇ. ಆ ಕಡೆ ಹತ್ತಿ ಈ ಕಡೆ ಇಳಿದರೆ ಮಾಟುಂಗಾ ಪೂರ್ವ. ಮಾರುಕಟ್ಟೆಯಲ್ಲಿ ಹೂವು, ಬಾಳೆ ಎಲೆ ನೋಡುತ್ತಾ ಹೋದರೂ ಇಪ್ಪತ್ತು ನಿಮಿಷದೊಳಗೆ ಅಸೋಸಿಯೇಷನ್. ಮುಂದೆ ನಡೆದರೆ ಕಿಂಗ್ಸ್ ಸರ್ಕಲ್. ಮೂರು ಲೈನ್‌ಗಳನ್ನು ಕಾಲಿನಲ್ಲೇ ಜೋಡಿಸಬಹುದು. ನಾನು ನೋಡಿದ ಯಾವ ರೈಲು ನಕ್ಷೆಯಲ್ಲೂ ಈ ಬ್ರಿಜ್‌ಗೆ ಒಂದು ಸಣ್ಣ ಚುಕ್ಕೆ ಗೆರೆಯೂ ಇಲ್ಲ. ಪ್ರಭಾದೇವಿ ಮತ್ತು ಪರೇಲ್ ಕಥೆಯೂ ಹೀಗೇ. ಒಂದರ ಬೆನ್ನಿಗೆ ಇನ್ನೊಂದಿದೆ, ಆದರೆ ಬೇರೆ ಬೇರೆ ರೈಲ್ವೆ, ಬೇರೆ ಬೇರೆ ಬಣ್ಣ. ದಾದರ್‌ನಲ್ಲಂತೂ ಪಶ್ಚಿಮಕ್ಕೊಂದು ಒಂದನೇ ಪ್ಲಾಟ್‌ಫಾರ್ಮ್, ಸೆಂಟ್ರಲ್‌ಗೊಂದು ಒಂದನೇ ಪ್ಲಾಟ್‌ಫಾರ್ಮ್ ಇತ್ತು. 1ರಿಂದ 14ರವರೆಗೆ ಒಂದೇ ಸಾಲಿನಲ್ಲಿ ನಂಬರ್ ಕೊಡಬಹುದು ಅಂತ ಹೊಳೆಯಲು 2023ರ ಡಿಸೆಂಬರ್ ಬರಬೇಕಾಯಿತು! ಯಾವ ಹಳಿ ಯಾರದು ಅನ್ನುವ ಚಿಂತೆ ರೈಲ್ವೆಗಿರಲಿ, ನಕ್ಷೆಗೆ ಯಾಕೆ?

ಹಾಗಂತ ನೆಲವನ್ನು ಪೂರ್ತಿ ಮರೆತರೂ ಕಷ್ಟ. ನ್ಯೂಯಾರ್ಕ್‌ನಲ್ಲಿ 1972ರಲ್ಲಿ ಡಿಸೈನರ್ ಮಾಸಿಮೊ ವಿನ್ಯೆಲ್ಲಿ ಅಲ್ಲಿನ ಸಬ್‌ವೇ ರೈಲಿಗೆ ಬಹಳ ಚೆಂದದ ಒಂದು ನಕ್ಷೆ ಮಾಡಿದರು. ಅದರಲ್ಲಿ ಉದ್ದನೆಯ ಸೆಂಟ್ರಲ್ ಪಾರ್ಕ್ ಚೌಕವಾಗಿತ್ತು, ಬಣ್ಣ ಬೂದು. 50ನೇ ಸ್ಟ್ರೀಟ್‌ನಲ್ಲಿ ಬ್ರಾಡ್‌ವೇ ಸ್ಟೇಷನ್ ಎಂಟನೇ ಅವೆನ್ಯೂಗಿಂತ ಪಶ್ಚಿಮಕ್ಕೆ ಬಂದು ಕೂತಿತ್ತು, ನಿಜದಲ್ಲಿ ಅದು ಪೂರ್ವಕ್ಕಿದೆ. ಬೀದಿಗಳ ಲೆಕ್ಕ ಬಾಯಿಪಾಠವಿರುವ ಊರಿನವರು ಇದನ್ನು ಸಹಿಸುತ್ತಾರೆಯೇ? 1979ರಲ್ಲಿ ಅದು ಹೋಯಿತು. ವಿಚಿತ್ರ ಅಂದರೆ 2025ರಲ್ಲಿ ಮತ್ತೆ ಅದೇ ನೇರ ಗೆರೆಗಳ ಶೈಲಿಗೆ ಮರಳಿದ್ದಾರೆ. ನ್ಯೂಯಾರ್ಕ್‌ನಿಂದ ನಾವು ಕದಿಯಬೇಕಾದದ್ದು ಇನ್ನೊಂದಿದೆ. ಎಕ್ಸ್‌ಪ್ರೆಸ್ ನಿಲ್ಲುವ ಕಡೆ ಬಿಳಿ ಚುಕ್ಕೆ, ಸ್ಲೋ ಮಾತ್ರ ನಿಲ್ಲುವ ಕಡೆ ಕರಿ ಚುಕ್ಕೆ. ಫಾಸ್ಟ್ ಲೋಕಲ್ ಹತ್ತಿ, ಅದು ನಿಲ್ಲದ ಮಾಹಿಮ್‌ನಲ್ಲಿ ಇಳಿಯಬೇಕು ಅಂದುಕೊಂಡ ಹೊಸಬರ ಮುಖ ನೋಡಿದವರಿಗೆ ಇದರ ಬೆಲೆ ಗೊತ್ತು.

ನಮ್ಮ ಬಿಲ್ಡಿಂಗ್‌ಗೆ ಕೆಲಸಕ್ಕೆ ಬರುವ ಅಫಜಲಪುರ ಕಡೆಯ ಅಕ್ಕ ಒಬ್ಬರಿದ್ದಾರೆ. ಯಾವ ಲಿಪಿಯೂ ಓದಲು ಬರುವುದಿಲ್ಲ. ಮೊದಲೆಲ್ಲ ಬಿಸ್ಕೆಟ್ ವಾಸನೆ ಬಂದರೆ ವಿಲೇಪಾರ್ಲೆ ಅಂತ ಎದ್ದು ಬಾಗಿಲಿಗೆ ಬರುತ್ತಿದ್ದರಂತೆ. ಪಾರ್ಲೆ ಕಾರ್ಖಾನೆ 2016ರಲ್ಲಿ ಮುಚ್ಚಿತು, ಆ ಗುರುತೂ ಹೋಯಿತು. ಈಗ ಸ್ಟೇಷನ್ ಎಣಿಸುತ್ತಾರೆ. ಮೆಕ್ಸಿಕೋ ಸಿಟಿಯ ಮೆಟ್ರೋ 1969ರಲ್ಲಿ ಶುರುವಾದಾಗಲೇ ಇಂಥವರ ಬಗ್ಗೆ ಯೋಚಿಸಿತ್ತು. ಡಿಸೈನರ್ ಲ್ಯಾನ್ಸ್ ವೈಮನ್ ಅಲ್ಲಿ ಪ್ರತಿ ಸ್ಟೇಷನ್‌ಗೂ ಒಂದು ಚಿತ್ರ ಕೊಟ್ಟರು. ಚಾಪುಲ್ತೆಪೆಕ್‌ಗೆ ಮಿಡತೆ. 'ಮಿಡತೆ ಬಂದಾಗ ಇಳಿ' ಅಂತ ಹೇಳಿ ಕಳಿಸಬಹುದು, ಅಲ್ವಾ? ಐಐಟಿ ಬಾಂಬೆಯ ಡಿಸೈನ್ ವಿಭಾಗದವರು ಮುಂಬೈ ರೈಲಿಗೆ ಒಂದು ಅಚ್ಚುಕಟ್ಟಾದ ನಕ್ಷೆ ಮಾಡಿದ್ದಾರೆ. ಅದು ನನಗೆ ಇಷ್ಟವೇ. ಆದರೆ ಅದೂ ಓದು ಬಲ್ಲವರಿಗೆ.

ಮೆಟ್ರೋ ಬಂದ ಮೇಲೆ ಗೊಂದಲ ಜಾಸ್ತಿಯಾಗಿದೆ. ಲೈನ್ 1 ಒಬ್ಬರದು, 2ಎ ಮತ್ತು 7 ಇನ್ನೊಬ್ಬರದು, 3 ಮತ್ತೊಬ್ಬರದು. ಒಂದೇ ಕಡೆ ಲೈನ್ ಬದಲಾಯಿಸುವ ಜಾಗಕ್ಕೆ ಎರಡೆರಡು ಹೆಸರು. ಲೈನ್ 7ರಲ್ಲಿ ಗುಂಡವಲಿ, ಸೇತುವೆ ದಾಟಿದರೆ ಅದೇ ಲೈನ್ 1ರ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಸ್ಟೇಷನ್. ಲೈನ್ 1 ಮತ್ತು 3 ಸೇರುವ ಕಡೆ ಮಾತ್ರ ಎರಡಕ್ಕೂ ಮರೋಲ್ ನಾಕಾ ಅನ್ನುವ ಒಂದೇ ಹೆಸರು, ಪುಣ್ಯ.

ಊರಿಂದ ಬರುವವರಿಗೆ ಒಂದು ಮಾತು. 2ಎಯಲ್ಲಿ ಬಂದು ಅಂಧೇರಿ ವೆಸ್ಟ್‌ನಲ್ಲಿ ಇಳಿದರೆ ಅಲ್ಲಿ ಲೋಕಲ್ ಸಿಗುವುದಿಲ್ಲ. ಹೊರಗೆ ಹೋಗಿ ಆಟೋದವನನ್ನು ಕೇಳಬೇಡಿ. ಸೇತುವೆ ದಾಟಿ ಡಿ.ಎನ್. ನಗರಕ್ಕೆ ಹೋಗಿ, ಘಾಟ್‌ಕೋಪರ್ ಕಡೆಯ ಮೆಟ್ರೋ ಹತ್ತಿ, ಎರಡನೇ ಸ್ಟೇಷನ್ ಅಂಧೇರಿಯಲ್ಲಿ ಇಳಿಯಿರಿ. ರೈಲು ಹಳಿ ಕೆಳಗೇ ಕಾಣುತ್ತದೆ.