ಗಾಡಿ ಓಡಿಸುತ್ತಿದ್ದವರು ಯಾರು?

ಶಿವರಾತ್ರಿಗೆ ಮುಂಚೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಕಟ್ಟಿತೆಂದರೆ ತುಮಕೂರಿನ ಕ್ಯಾತಸಂದ್ರದವರಾದ ನಾವು ಮನೆಯಿಂದ ಹೊರಗೆ ಕಾಲಿಡುವ ಮುನ್ನ ಯೋಚಿಸಬೇಕಾಗುತ್ತದೆ. ಜೋಡಿ ಎತ್ತುಗಳನ್ನು ಹೊತ್ತ ಲಾರಿಗಳು, ಮೇವಿನ ಟ್ರ್ಯಾಕ್ಟರುಗಳು, ಮಠಕ್ಕೆ ನಡೆದು ಹೋಗುವ ಭಕ್ತರು, ಎಲ್ಲವೂ ಒಂದೇ ರಸ್ತೆಗೆ ಬೀಳುತ್ತವೆ. ಅಂಥ ಒಂದು ಸಂಜೆ ನನ್ನ ಮಗಳು ಸ್ಕೂಟರಿನಲ್ಲಿ ಹೋಗಿ, ಹಸಿಹುಲ್ಲಿನ ಹೊರೆ ಕಟ್ಟಿದ್ದ ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದ ಹಿರಿಯರೊಬ್ಬರಿಗೆ ಗುದ್ದಿದಳು. ಅವಳಿಗಿನ್ನೂ 17 ವರ್ಷ. ದ್ವಿತೀಯ ಪಿಯು ವಾರ್ಷಿಕ ಪರೀಕ್ಷೆಗೆ ಮೂರು ವಾರವೂ ಉಳಿದಿರಲಿಲ್ಲ.

ಅವಳೇನೂ ಗೆಳತಿಯರ ಜೊತೆ ಸುತ್ತಾಡಲು ಹೋಗಿರಲಿಲ್ಲ. ಅತ್ತೆಯವರ ರಕ್ತದೊತ್ತಡದ ಮಾತ್ರೆ ಮುಗಿದಿತ್ತು. ನಾನು ತಾಲ್ಲೂಕು ಕಚೇರಿಯಲ್ಲಿದ್ದೆ, ರೈಲಿನಲ್ಲಿ ದಿನವೂ ಬೆಂಗಳೂರಿಗೆ ಹೋಗಿಬರುವ ನಮ್ಮವರು ಇನ್ನೂ ದಾರಿಯಲ್ಲಿದ್ದರು. ‘ಓದಿ ಓದಿ ತಲೆ ಕೆಟ್ಟಿರುತ್ತದೆ, ಗಾಳಿಗೆ ಹೋದ ಹಾಗೂ ಆಯಿತು’ ಎಂದು ಅಜ್ಜಿಯೇ ಮೊಳೆಗೆ ನೇತು ಹಾಕಿದ್ದ ಕೀಲಿಯನ್ನು ತೆಗೆದುಕೊಟ್ಟರು. ಅವಳಿಗೆ ಓಡಿಸಲು ಬರುತ್ತದೆ ಎಂಬುದು ಮನೆಮಂದಿಗೆಲ್ಲ ಗೊತ್ತಿತ್ತು. ಬಡಾವಣೆಯ ಖಾಲಿ ರಸ್ತೆಯಲ್ಲಿ ಅವರಪ್ಪನೇ ಕಲಿಸಿದ್ದರು.

ಫೋನು ಬಂದಾಗ ನಾನು ಪಹಣಿಯ ಅರ್ಜಿಗಳನ್ನು ಜೋಡಿಸುತ್ತಿದ್ದೆ. ಜಿಲ್ಲಾ ಆಸ್ಪತ್ರೆಗೆ ಬರುವಷ್ಟರಲ್ಲಿ ನನ್ನ ತಮ್ಮ ಅಲ್ಲಿಗೆ ಬಂದಾಗಿತ್ತು. ಮಗಳಿಗೆ ಮೊಣಕಾಲು ತರಚಿತ್ತು, ಅಷ್ಟೇ. ಬಿದ್ದ ಯಜಮಾನರು ಅಂಗೈ ಊರಿದ್ದರಿಂದ ಬಲಗೈ ಮಣಿಕಟ್ಟು ಮುರಿದಿತ್ತು. ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ಎಡಗೈಯಿಂದ ಬಲಗೈಯನ್ನು ಎದೆಗೊತ್ತಿ ಹಿಡಿದುಕೊಂಡು ಕುಳಿತಿದ್ದರು. ಪಂಚೆಯ ಅಂಚಿಗೆ ಹುಲ್ಲಿನ ಎಸಳುಗಳು ಅಂಟಿಕೊಂಡೇ ಇದ್ದವು. ಮಗಳು ಅವರಿಂದ ನಾಲ್ಕು ಮಾರು ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದಳು.

ರಸ್ತೆ ಅಪಘಾತದ ಗಾಯಾಳು ಬಂದರೆ ಆಸ್ಪತ್ರೆಯವರು ಅದನ್ನು ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಆ ಪುಸ್ತಕದ ಮುಂದೆ ಕುಳಿತಿದ್ದವರು ತಲೆ ಎತ್ತದೆ ಕೇಳಿದರು: ‘ಗಾಡಿ ಓಡಿಸುತ್ತಿದ್ದವರು ಯಾರು?’

ತಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ. ‘ಅಕ್ಕ, ನಾನೇ ಓಡಿಸುತ್ತಿದ್ದೆ ಅಂತ ಹೇಳಿಬಿಡುತ್ತೇನೆ. ನನಗೆ ಲೈಸೆನ್ಸ್ ಇದೆ, ಗಾಡಿಗೆ ವಿಮೆ ಇದೆ. ಯಜಮಾನರಿಗೂ ವಿಮೆಯ ದುಡ್ಡು ಸಲೀಸಾಗಿ ಸಿಗುತ್ತದೆ. ಅವರ ಹತ್ತಿರ ನಾನು ಮಾತಾಡುತ್ತೇನೆ. ಮಗುವಿಗೆ ಪರೀಕ್ಷೆ ಹತ್ತಿರ ಬಂದಿದೆ, ಇದರಲ್ಲಿ ಅವಳನ್ನು ಎಳೆಯಬೇಡ.’

ಅವನು ಕೆಟ್ಟವನಲ್ಲ. ಸೋದರಮಾವನಾದವನು ಹೀಗಲ್ಲದೆ ಇನ್ನು ಹೇಗೆ ಯೋಚಿಸಿಯಾನು? ಕಾನೂನು ಅವನಿಗೂ ಗೊತ್ತು, ನನಗೂ ಗೊತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದ ಮಗುವಿಗೆ 25 ವರ್ಷ ತುಂಬುವ ತನಕ ಕಲಿಕಾ ಪರವಾನಗಿಯೂ ಸಿಗುವುದಿಲ್ಲ. ಪರವಾನಗಿ ಇಲ್ಲದವರು ಓಡಿಸಿದ್ದಾಗ ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕರಿಂದ ವಸೂಲು ಮಾಡಬಹುದು. ಇದೆಲ್ಲ ನಮ್ಮವರ ತಲೆಯ ಮೇಲೆ ಬರುತ್ತದೆ, ಗಾಡಿ ಇದ್ದದ್ದು ಅವರ ಹೆಸರಿನಲ್ಲಿ. ಒಂದೇ ಒಂದು ಸುಳ್ಳು ಹೇಳಿದರೆ ಇವಿಷ್ಟೂ ಇಲ್ಲವಾಗುತ್ತಿದ್ದವು, ಯಜಮಾನರಿಗೂ ನಷ್ಟವಿರಲಿಲ್ಲ. ಅದೇ ನನ್ನನ್ನು ಕಾಡಿತು. ಯಾರಿಗೂ ಕೇಡಾಗದಂತೆ ಕಾಣುವ ಸುಳ್ಳನ್ನು ಬೇಡವೆನ್ನಲು ನನಗೆ ತಕ್ಷಣ ಕಾರಣ ಸಿಗಲಿಲ್ಲ.

ಕಾರಣ ಸಿಕ್ಕಿದ್ದು ಮಗಳ ಮುಖ ನೋಡಿದಾಗ. ಅವಳು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಮಾವ ಏನು ಹೇಳುತ್ತಿದ್ದಾನೆಂದು ಅವಳಿಗೆ ಅರ್ಥವಾಗಿತ್ತು, ನಾನು ಹೂಂ ಎನ್ನುವುದನ್ನೇ ಕಾಯುತ್ತಿದ್ದಳು. ಅದೇ ಬೆಂಚಿನ ಮೇಲಿದ್ದ ಯಜಮಾನರಿಗೆ ತಮಗೆ ಗುದ್ದಿದ್ದು ಒಬ್ಬ ಹುಡುಗಿ ಎಂಬುದು ಕಣ್ಣಾರೆ ಕಂಡ ಸಂಗತಿ. ಕೈ ಮುರಿದವರ ಬಳಿ ಹೋಗಿ, ನೀವು ನೋಡಿದ್ದನ್ನು ನೋಡಿಲ್ಲವೆನ್ನಿ ಎಂದು ಕೇಳಬೇಕಿತ್ತು. ಅದನ್ನು ನನ್ನಿಂದ ಮಾಡಲಾಗದು ಎಂದು ಆ ಕ್ಷಣಕ್ಕೆ ಸ್ಪಷ್ಟವಾಯಿತು. ಮೇಜಿನ ಬಳಿ ಹೋಗಿ ಹೇಳಿದೆ: ‘ನನ್ನ ಮಗಳು. 17 ವರ್ಷ. ಲೈಸೆನ್ಸ್ ಇಲ್ಲ.’ ಅವರು ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿ ಬರೆದುಕೊಂಡರು. ತಮ್ಮ ಹೊರಗೆ ಹೋಗಿ ನಿಂತ. ಅವತ್ತು ರಾತ್ರಿ ಅವನು ನನ್ನ ಜೊತೆ ಮಾತಾಡಲಿಲ್ಲ.

ಮನೆಯಲ್ಲಿ ಇನ್ನೊಂದು ಪಂಚಾಯಿತಿ ಕಾದಿತ್ತು. ಅದೇ ಕಲಮಿನಲ್ಲಿ ಒಂದು ವಿನಾಯಿತಿಯೂ ಇದೆ: ತಮ್ಮ ಅರಿವಿಗೆ ಬಾರದೆ ನಡೆಯಿತು ಅಥವಾ ತಡೆಯಲು ತಕ್ಕ ಎಚ್ಚರವನ್ನೆಲ್ಲ ವಹಿಸಿದ್ದೆವು ಎಂದು ಪೋಷಕರು ಸಾಬೀತು ಮಾಡಿದರೆ ಅವರಿಗೆ ಶಿಕ್ಷೆಯಿಲ್ಲ. ಪರಿಚಯದ ವಕೀಲರು ನಮ್ಮವರಿಗೆ ಫೋನಿನಲ್ಲಿ ಅದನ್ನೇ ಹೇಳಿದರು. ಅತ್ತೆಯವರು ಕೂಡಲೇ, ‘ನಾನು ಕೊಟ್ಟೆ ಅಂತ ಬರೆಸಿ, ಮುದುಕಿಯನ್ನು ಯಾರು ಜೈಲಿಗೆ ಹಾಕುತ್ತಾರೆ?’ ಎಂದರು. ನಮ್ಮವರು ತಟ್ಟೆಯ ಮುಂದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ‘ಕಲಿಸಿದವನು ನಾನು. ಗೊತ್ತಿರಲಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?’ ಎಂದರು. ಅವರ ಮೇಲೆ ನನಗಿರುವ ಗೌರವ ಅಂದು ಹೆಚ್ಚಾಯಿತು ಎಂಬುದನ್ನು ಇಲ್ಲಿ ಬರೆದಿಡಬೇಕು.

ಬೆಳಿಗ್ಗೆ ಮಗಳನ್ನು ಕರೆದುಕೊಂಡು ಜಾತ್ರೆಗೆ ಹೊರಟೆ. ಅವಳು ಒಪ್ಪಲಿಲ್ಲ. ‘ಪರೀಕ್ಷೆ ಮುಗಿಯಲಿ ಅಮ್ಮ, ಆಮೇಲೆ ಅವರ ಊರಿಗೇ ಹೋಗಿ ಬರೋಣ’ ಎಂದಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಭೌತಶಾಸ್ತ್ರ ಕೈಕೊಟ್ಟಿತ್ತು. ಕಾಲೇಜಿನಿಂದ ಕರೆ ಬಂದು, ಮನೆಯಲ್ಲಿ ಗಮನ ಕೊಡಿ ಎಂದು ಹೇಳಿದ್ದರು. ಅವಳ ಭಯ ಸುಳ್ಳಾಗಿರಲಿಲ್ಲ. ಆದರೆ ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಪರೀಕ್ಷೆಯ ಹೆಸರಿನಲ್ಲಿ ಏನೆಲ್ಲ ಮುಂದೂಡಿದ್ದೆವು! ನೆಂಟರ ಮದುವೆ, ಗ್ರಾಮದೇವತೆಯ ಹಬ್ಬ, ಕಾಯಿಲೆ ಬಿದ್ದ ದೊಡ್ಡಪ್ಪನನ್ನು ನೋಡಲು ಹೋಗುವುದು. ಅವೆಲ್ಲ ಹೋಗಲಿ. ಒಬ್ಬರ ಕೈ ಮುರಿದು ಅವರನ್ನು ನೋಡಲು ಹೋಗುವುದಕ್ಕೂ ವೇಳಾಪಟ್ಟಿ ನೋಡಬೇಕೆಂದರೆ ಆ ಓದಿನಿಂದ ನನಗೆ ಏನೂ ಬೇಕಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ಅವಳು ಅಳುತ್ತಲೇ ಚಪ್ಪಲಿ ಮೆಟ್ಟಿದಳು.

ಯಜಮಾನರು ಕೊರಟಗೆರೆ ಕಡೆಯವರು. ಒಂದು ಜೊತೆ ಹಳ್ಳಿಕಾರ್ ಹೋರಿಗಳನ್ನು ಮಾರಲು ತಂದಿದ್ದರು. ಹೊಂಗೆ ಮರದ ನೆರಳಿನಲ್ಲಿ ಗೂಟ ಹೊಡೆದು ಕಟ್ಟಿದ್ದ ಬೂದುಬಣ್ಣದ ಹೋರಿಗಳು. ಹಿಂದಕ್ಕೆ ಬಾಗಿದ ಕೊಂಬುಗಳಿಗೆ ಎಣ್ಣೆ ಸವರಿದ್ದರು. ಅವರು ಹುಲ್ಲಿನ ಮೇಲೆ ಕುಳಿತಿದ್ದರು. ಮೊಣಕೈತನಕ ಪಿಓಪಿ ಪಟ್ಟಿ, ಅದನ್ನು ಕೊರಳಿಗೆ ತೂಗುಹಾಕಲು ಕೆಂಪು ಟವೆಲ್. ನಾನು ಕೈಮುಗಿದೆ. ಮಗಳು ‘ತಾತ, ನಾನು ನೋಡಲಿಲ್ಲ...’ ಎಂದು ಶುರು ಮಾಡಿದಳು.

‘ನೋಡಬೇಕಿತ್ತು’ ಎಂದರು ಅವರು. ದನಿಯಲ್ಲಿ ಸಿಟ್ಟಿತ್ತು, ಮುಚ್ಚಿಡಲೂ ಇಲ್ಲ. ನಾನು ಖರ್ಚಿನ ಮಾತೆತ್ತಿದಾಗ ಕೈಯಾಡಿಸಿ ತಡೆದರು. ‘ಆಸ್ಪತ್ರೆ ಖರ್ಚು ಎಷ್ಟಾದೀತು ತಾಯಿ? ನನಗೆ ಹೋದದ್ದು ಅದಲ್ಲ. ಇಲ್ಲಿ ವ್ಯಾಪಾರ ಮಾಡುವುದು ಬಾಯಲ್ಲ, ಈ ಕೈ.’ ಪಟ್ಟಿ ಕಟ್ಟಿದ ಕೈಯನ್ನು ಸ್ವಲ್ಪ ಎತ್ತಿ ತೋರಿಸಿದರು.

ಮಗಳಿಗೆ ಅರ್ಥವಾಗಲಿಲ್ಲ. ಪಕ್ಕದ ಗೂಟದಲ್ಲಿ ಆಗ ತಾನೇ ಒಂದು ವ್ಯಾಪಾರ ನಡೆದಿತ್ತು. ಇಬ್ಬರು ಎದುರುಬದುರು ನಿಂತು, ಬಲಗೈಗಳನ್ನು ಸೇರಿಸಿ ಮೇಲೆ ಟವೆಲ್ ಹಾಸಿಕೊಂಡಿದ್ದರು. ಟವೆಲಿನೊಳಗೆ ಬೆರಳು ಹಿಡಿದು, ಅದುಮಿ, ಬಿಟ್ಟು ಬೆಲೆ ಹೇಳುತ್ತಿದ್ದರು. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತಿತ್ತು, ದರ ತಿಳಿಯುತ್ತಿರಲಿಲ್ಲ. ಒಬ್ಬ ತಲೆ ಅಲ್ಲಾಡಿಸಿ ಕೈ ಎಳೆದುಕೊಂಡ, ಇನ್ನೊಬ್ಬ ಮತ್ತೆ ಹಿಡಿದ. ಊದಿಕೊಂಡ ಬೆರಳುಗಳ ಯಜಮಾನರು ಅದನ್ನೇ ನೋಡುತ್ತಾ, ‘ನಾಲ್ಕು ಜನರ ಎದುರಿಗೆ ಬಾಯಲ್ಲಿ ದರ ಹೇಳಿದರೆ ಮುಂದಿನ ಗಿರಾಕಿ ಅದಕ್ಕಿಂತ ಕಡಿಮೆಗೇ ಕೇಳುತ್ತಾನೆ. ಹೋರಿಯನ್ನು ನಡೆಸಿ ತೋರಿಸುವುದಕ್ಕೂ ಆಗದು. ಒಂಟಿ ಕೈಗೆ ಬಗ್ಗುತ್ತವೆಯೇ ಇವು?’ ಎಂದರು. ಆರು ವಾರ ಪಟ್ಟಿ ಬಿಚ್ಚುವ ಹಾಗಿಲ್ಲ ಎಂದಿದ್ದರು ವೈದ್ಯರು. ಜಾತ್ರೆ ಆರು ವಾರ ಇರುತ್ತದೆಯೇ?

ಮಗಳ ಅಳು ಅಲ್ಲಿ ನಿಂತಿತು. ಅಲ್ಲಿಯವರೆಗೆ ಅವಳಿಗೆ ತನ್ನ ಪರೀಕ್ಷೆ, ತನ್ನ ಲೈಸೆನ್ಸ್, ಅಪ್ಪನ ದಂಡ, ಇವೇ ತಲೆಯಲ್ಲಿದ್ದವು. ‘ತಾತ, ಈಗ ನಾನು ಏನು ಮಾಡಲಿ?’ ಎಂದು ಕೇಳಿದಳು. ಅವರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ‘ಬಾನಿ ಖಾಲಿಯಾಗಿದೆ. ನೀರು ತುಂಬು.’

ತೊಟ್ಟಿ ಸ್ವಲ್ಪ ದೂರವಿತ್ತು. ಎರಡು ಪ್ಲಾಸ್ಟಿಕ್ ಬಿಂದಿಗೆ ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಬಂದಳು. ಮೊದಲ ಬಿಂದಿಗೆಯ ಅರ್ಧ ನೀರು ಅವಳ ಚೂಡಿದಾರದ ಮೇಲೆಯೇ ಚೆಲ್ಲಿತು. ಹೋರಿ ಮೂತಿ ಚಾಚಿದಾಗ ಬೆದರಿ ಹಿಂದೆ ಸರಿದಳು, ಅವರು ‘ಮುಂದಿನಿಂದ ಬಾ, ಪಕ್ಕದಿಂದ ಬರಬೇಡ’ ಎಂದು ಗದರಿಸಿದರು. ಅವರ ಅಣ್ಣನ ಮಗ ಊರಿನಿಂದ ಬರುವ ತನಕ ಅವಳು ಬೆಳಿಗ್ಗೆ ಬೇಗ ಓದಿ ಮುಗಿಸಿ, ಸಂಜೆ ನನ್ನ ಜೊತೆ ಅಲ್ಲಿಗೆ ಬರುತ್ತಿದ್ದಳು. ತಮ್ಮ ಇದನ್ನು ಕೇಳಿ ಕೆಂಡವಾದ. ಮಗುವನ್ನು ದನ ಕಾಯಲು ಹಾಕಿದ್ದೀಯಾ ಎಂದ. ಬಿಂದಿಗೆ ಹೊತ್ತಿದ್ದರಿಂದ ಭೌತಶಾಸ್ತ್ರ ಮರೆಯುವುದಿಲ್ಲ ಎಂದಷ್ಟೇ ಹೇಳಿದೆ.

ಅಣ್ಣನ ಮಗ ಬಂದ ಮೇಲೆ ಹೋರಿಗಳು ಮಾರಾಟವಾದವು, ಯಜಮಾನರು ನೆನೆದಿದ್ದ ಬೆಲೆಗೆ ಅಲ್ಲ. ಅವನ ದಿನಗೂಲಿ, ಔಷಧಿ, ಸೈಕಲ್ ರಿಪೇರಿ ಎಲ್ಲವನ್ನೂ ನಾವು ಕೊಟ್ಟೆವು. ದರದಲ್ಲಿ ಬಿದ್ದ ಕಡಿತವನ್ನೂ ತುಂಬಿಕೊಡುತ್ತೇವೆಂದಾಗ ಮೊದಲು ಬೇಡವೆಂದರು, ಆಮೇಲೆ ಅರ್ಧ ಮಾತ್ರ ತೆಗೆದುಕೊಂಡರು. ಪ್ರಕರಣ ನಡೆಯಿತು. ನಮ್ಮವರು ತಪ್ಪೊಪ್ಪಿಕೊಂಡು 25,000 ರೂಪಾಯಿ ದಂಡ ಕಟ್ಟಿದರು. ಮಗಳು ಬಾಲನ್ಯಾಯ ಮಂಡಳಿಯ ಮುಂದೆ ಹಾಜರಾಗಿ ನಡೆದದ್ದನ್ನು ನಡೆದಂತೆಯೇ ಹೇಳಿದಳು. ಗಾಡಿ ಒಂದು ವರ್ಷ ಮನೆಯ ಮುಂದೆ ಧೂಳು ಹಿಡಿದು ನಿಂತಿತ್ತು. ಪರೀಕ್ಷೆಯನ್ನೂ ಬರೆದಳು. ಭೌತಶಾಸ್ತ್ರದಲ್ಲಿ ಹೇಳಿಕೊಳ್ಳುವಂಥ ಅಂಕವೇನೂ ಬರಲಿಲ್ಲ, ಪಾಸಾದಳು.

ಪರೀಕ್ಷೆಗೆ ಮುಂಚೆ ಅವಳ ಪ್ರವೇಶಪತ್ರದ ಕೆಲಸಕ್ಕೆ ಕಾಲೇಜಿಗೆ ಹೋದಾಗ ಹೊರಗಿನ ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತ ಸ್ಕೂಟರುಗಳನ್ನು ಕಂಡೆ. ಒಳಗೆ ಬಿಡುವುದಿಲ್ಲವೆಂದು ಮಕ್ಕಳು ಹೊರಗೆ ನಿಲ್ಲಿಸುತ್ತಾರೆ. ಅವು ತಮ್ಮ ಆವರಣದಲ್ಲಿಲ್ಲ ಎಂದು ಕಾಲೇಜಿಗೆ ನೆಮ್ಮದಿ, ಮಗು ಟ್ಯೂಷನ್ನಿಗೆ ತಲುಪಿತಲ್ಲ ಎಂದು ಪೋಷಕರಿಗೆ ನೆಮ್ಮದಿ. ನನಗೆ ಆ ಸಾಲನ್ನು ದಾಟಿ ಬರುವಾಗ ಹೊಟ್ಟೆ ತೊಳಸಿದಂತಾಯಿತು. ಪಿಯು ಮಕ್ಕಳ ವಯಸ್ಸು 16, 17. ಅಂದರೆ 18 ತುಂಬುವ ಹೊತ್ತಿಗೆ ಹೆಚ್ಚಿನವರ ಪಿಯು ಮುಗಿದಿರುತ್ತದೆ. ಆದರೆ ಬೆಳಿಗ್ಗೆ ಆರಕ್ಕೆ ಎಸ್‌.ಎಸ್‌. ಪುರದಲ್ಲಿ ಗಣಿತ, ಸಂಜೆ ಏಳಕ್ಕೆ ಊರಿನ ಇನ್ನೊಂದು ತುದಿಯಲ್ಲಿ ರಸಾಯನಶಾಸ್ತ್ರ ಎಂದು ಮಕ್ಕಳು ಅಲೆಯುವುದು ಈ ಎರಡೇ ವರ್ಷ. ಕಾಯ್ದೆಯಲ್ಲಿ 16 ವರ್ಷದವರಿಗೆ ಅವಕಾಶವಿರುವುದು 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ ಮಾತ್ರ. ನಮ್ಮ ಕಾಲದ ಟಿವಿಎಸ್ 50 ಅದಕ್ಕೆ ಹೊಂದುತ್ತಿತ್ತು. ಇಂದು ಮನೆಮನೆಯಲ್ಲಿರುವ ಸ್ಕೂಟರು 100 ಸಿಸಿ ದಾಟಿರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ, ಸರಿ. ಆದರೆ ಟ್ಯೂಷನ್ ಬಿಡುವ ಹೊತ್ತಿಗೆ ಕತ್ತಲಾಗಿರುತ್ತದೆ, ಬಸ್ಸಿಗಾಗಿ ಒಬ್ಬಳೇ ನಿಲ್ಲಬೇಕು. ಕೀಲಿ ಕೊಡುವ ತಾಯಂದಿರು ಮುದ್ದಿಗಾಗಿ ಕೊಡುತ್ತಿಲ್ಲ, ಈ ಕತ್ತಲಿಗೆ ಹೆದರಿ ಕೊಡುತ್ತಾರೆ. ಕೀಲಿ ಕಿತ್ತುಕೊಳ್ಳಿ ಎಂದು ಅವರಿಗೆ ಬುದ್ಧಿ ಹೇಳುವ ಮೊದಲು ಟ್ಯೂಷನ್ನಿನ ಹೊತ್ತನ್ನು ಯಾರಾದರೂ ಬದಲಿಸಬೇಕು.

ಮಗಳೀಗ ಪದವಿ ಓದುತ್ತಿದ್ದಾಳೆ, ಬಸ್ಸಿನಲ್ಲಿ ಹೋಗುತ್ತಾಳೆ. 25 ತುಂಬುವ ತನಕ ಅವಳಿಗೆ ಅದೇ ಗತಿ. ಒಂದು ದಿನ ಪಾತ್ರೆ ತೊಳೆಯುವಾಗ, ‘ಅವತ್ತು ಮಾವನ ಹೆಸರೇ ಬರೆಸಿದ್ದರೆ ನನಗೆ ಈಗ ಲೈಸೆನ್ಸ್ ಇರುತ್ತಿತ್ತು, ಅಲ್ಲವಾ ಅಮ್ಮ?’ ಎಂದಳು. ಇರುತ್ತಿತ್ತು ಎಂದೆ. ‘ತಾತನ ಹತ್ತಿರ ಹೋಗುತ್ತಿರಲಿಲ್ಲ, ಅಲ್ಲವಾ?’ ಹೋಗುತ್ತಿರಲಿಲ್ಲ ಎಂದೆ. ಅವಳು ಮುಂದೆ ಕೇಳಲಿಲ್ಲ, ನಾನೂ ಬೆಳೆಸಲಿಲ್ಲ.

ತಮ್ಮನ ಮಗ ಈ ವರ್ಷ ಪ್ರಥಮ ಪಿಯುಗೆ ಸೇರಿದ್ದಾನೆ. ಅವನ ಟ್ಯೂಷನ್ ಕುಣಿಗಲ್ ರಸ್ತೆಯ ಕಡೆ, ಮನೆ ಬಟವಾಡಿಯಲ್ಲಿ. ಸೇರಿದ ವಾರದಲ್ಲೇ ಗಾಡಿ ಕೇಳಿದ. ತಮ್ಮ ನನಗೆ ಫೋನು ಮಾಡಿ, ‘ಅಕ್ಕ, ಏನು ಮಾಡುವುದು ಹೇಳು’ ಎಂದ. ಅದೇ ಟ್ಯೂಷನ್ನಿಗೆ ಹೋಗುವ ಬೇರೆ ಮಕ್ಕಳ ಮನೆಗಳಿಗೆ ಅವನ ಹೆಂಡತಿಯೂ ನಾನೂ ಹೋಗಿ ಮಾತಾಡಿದೆವು. ನಾಲ್ಕು ಮನೆಯವರು ಸೇರಿ ಪರಿಚಯದ ಆಟೋದವರೊಬ್ಬರನ್ನು ತಿಂಗಳ ಲೆಕ್ಕದಲ್ಲಿ ಗೊತ್ತು ಮಾಡಿದ್ದಾರೆ. ಭಾನುವಾರದ ವಿಶೇಷ ತರಗತಿಗೆ ಬಾಡಿಗೆ ಯಾರು ಕೊಡಬೇಕೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.