ಗೋಣಿಚೀಲದ ಮೂಳೆ ಆಟ: ಐದನೇ ವಾರ

ಈ ವಾರ 12ರಲ್ಲಿ 9 ಸರಿ. ಮೊದಲ ವಾರ 4 ಮಾತ್ರ ಸರಿಯಾಗಿದ್ದವು, ಹಾಗಾಗಿ ಸ್ವಲ್ಪ ಬೀಗುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ಆಟದ ನಿಯಮ ಇಷ್ಟೇ. ರೂಮ್‌ಮೇಟ್ ಗೋಣಿಚೀಲಕ್ಕೆ 12 ಮೂಳೆ ತುಂಬುತ್ತಾನೆ. ನಾನು ಕಣ್ಣು ಮುಚ್ಚಿಕೊಂಡು ಒಂದೊಂದೇ ತೆಗೆದು ಹೇಳಬೇಕು: ಯಾವ ಮೂಳೆ, ಯಾವ ಪ್ರಾಣಿಯದು, ಎಡದ್ದೋ ಬಲದ್ದೋ. ಮೂರೂ ಸರಿ ಇದ್ದರೆ ಮಾತ್ರ ಒಂದು ಅಂಕ.

ಮೊದಲೆರಡು ಪ್ರಶ್ನೆ ಬೇಗ ಕೈಗೆ ಹತ್ತಿದವು. ಕುದುರೆಯ ತೊಡೆಮೂಳೆಯಾದರೆ ಹೊರಬದಿಯಲ್ಲಿ ಮೂರನೇ ಟ್ರೊಕ್ಯಾಂಟರ್ (ಸ್ನಾಯು ಅಂಟುವ ಉಬ್ಬು) ಬೆರಳಿಗೆ ಸಿಕ್ಕೇ ಸಿಗುತ್ತದೆ. ಹಸುವಿಗೆ ಅದಿಲ್ಲ. ಹಸುವಿನ ಮುಂಗಾಲಿನ ಕೆಳಭಾಗದ ಉದ್ದ ಮೂಳೆಯಾದ ಮೆಟಕಾರ್ಪಲ್‌ನ ಮುಂಭಾಗದಲ್ಲಿ ಉದ್ದಕ್ಕೂ ಒಂದು ಗೀರು ಇರುತ್ತದೆ, ಎರಡು ಮೂಳೆ ಕೂಡಿ ಒಂದಾದ ಗುರುತು.

ನನ್ನನ್ನು ಕಾಡಿದ್ದು ಎಡ-ಬಲ. ಅದರಲ್ಲೂ ಸ್ಕ್ಯಾಪುಲಾ, ಅಂದರೆ ಹೆಗಲ ಮೂಳೆ. ಕೊನೆಗೆ ಒಂದು ಉಪಾಯ ಹೊಳೆಯಿತು. ಕೀಲಿನ ಗುಂಡಿ ಕೆಳಗೆ, ಮೂಳೆಯ ಚಪ್ಪಟೆ ಮೈಮೇಲೆ ಎದ್ದು ನಿಂತ ಏಣು ನನ್ನ ಕಡೆ ಬರುವಂತೆ ಹಿಡಿಯುವುದು. ಏಣಿನ ಎರಡು ಪಕ್ಕದಲ್ಲಿ ಕಿರಿದಾದದ್ದು ಪ್ರಾಣಿಯ ಮುಂದಿನ ಭಾಗ. ಅದು ನನ್ನ ಎಡಗೈ ಕಡೆ ಇದ್ದರೆ ಎಡ ಸ್ಕ್ಯಾಪುಲಾ. ಹಸು, ಕುದುರೆ ಎರಡಕ್ಕೂ ಕೆಲಸ ಮಾಡಿತು. ನಾಯಿಯದು ಬಂದಾಗ ಕೈಕೊಟ್ಟಿತು! ನಾಯಿಯಲ್ಲಿ ಎರಡೂ ಪಕ್ಕ ಹೆಚ್ಚುಕಮ್ಮಿ ಒಂದೇ ಅಗಲ. ಈಗ ಗುಂಡಿಯ ಮೇಲೆ ಮುಂದಕ್ಕೆ ಚಾಚಿದ ಗುಬುಟನ್ನು ಹುಡುಕುತ್ತೇನೆ, ಅದು ಎಲ್ಲಾ ಪ್ರಾಣಿಯಲ್ಲೂ ಮುಂದೆಯೇ. ಉಪಾಯವನ್ನೇ ನಂಬಿ ಮೂಳೆ ನೋಡುವುದನ್ನು ಬಿಟ್ಟಿದ್ದೆ, ಅಷ್ಟೇ.

ಸತ್ತ ಪ್ರಾಣಿಗಳನ್ನು ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲೂ ಎಡ-ಬಲ ಬಿಡಲಿಲ್ಲ. ಹಸುವಿನ ಎಡ ಮೂತ್ರಪಿಂಡವನ್ನು ಎಡಗಡೆಯೇ ತಡಕಾಡುತ್ತಾ ನಿಂತಿದ್ದೆ. ಅಲ್ಲಿ ಇದ್ದದ್ದು ರೂಮೆನ್ ಮಾತ್ರ, ಅಂದರೆ ಹಸುವಿನ ಜಠರದ ಅತಿ ದೊಡ್ಡ ಚೀಲ. ಹೊಟ್ಟೆಯ ಎಡ ಅರ್ಧವನ್ನೆಲ್ಲ ಅದೇ ಆಕ್ರಮಿಸಿಕೊಳ್ಳುತ್ತದೆ, ತುಂಬಿದಾಗ ಎಡ ಮೂತ್ರಪಿಂಡವನ್ನು ನಡುಗೆರೆ ದಾಟಿಸಿ ಬಲಕ್ಕೆ ತಳ್ಳುತ್ತದೆ. ಸಿಕ್ಕಿದ್ದು ಬಲಗಡೆಯೇ, ದ್ರಾಕ್ಷಿ ಗೊಂಚಲಿನಂತೆ ಉಂಡೆ ಉಂಡೆಯಾಗಿ. ಫಾರ್ಮಾಲಿನ್ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಪಕ್ಕದವರು ಅಳುತ್ತಿದ್ದೇನೆ ಅಂದುಕೊಂಡಿರಬೇಕು.

ಈ ವಾರ ತಪ್ಪಿದ್ದು ಮೂರು. ಎರಡರಲ್ಲಿ ಕುರಿಯನ್ನು ಮೇಕೆ ಅಂದೆ, ಮೇಕೆಯನ್ನು ಕುರಿ ಅಂದೆ. ಇದಕ್ಕೆ ನಾಚಿಕೆ ಇಲ್ಲ, ಇವೆರಡರ ಮೂಳೆ ಅನುಭವಸ್ಥರನ್ನೂ ಯಾಮಾರಿಸುತ್ತವೆ. ಮೂರನೆಯದು ಮತ್ತೆ ನಾಯಿಯ ಸ್ಕ್ಯಾಪುಲಾ. ಅದಕ್ಕೆ ಮಾತ್ರ ನಾಚಿಕೆ ಆಯ್ತು.

ಮುಂದಿನ ವಾರ ಚೀಲದಲ್ಲಿ ಬರೀ ಬೆನ್ನುಮೂಳೆ. ಕುತ್ತಿಗೆಯಲ್ಲಿ ಎಲ್ಲಕ್ಕೂ 7. ಎದೆಯ ಭಾಗದಲ್ಲಿ ಹಸು, ನಾಯಿಗೆ 13, ಕುದುರೆಗೆ 18. ಸೊಂಟದಲ್ಲಿ ಹಸುವಿಗೆ 6, ನಾಯಿಗೆ 7. ಇವು ನಡುಗೆರೆಯಲ್ಲೇ ಇರುವ ಮೂಳೆಗಳು, ಎಡ-ಬಲ ಕೇಳುವ ಹಾಗೇ ಇಲ್ಲ. ಖುಷಿಯಲ್ಲಿ ಹಾಗಂದೆ. ರೂಮ್‌ಮೇಟ್ ನಕ್ಕು, ‘ಹಾಗಾದ್ರೆ ಎಷ್ಟನೆಯದು ಅಂತ ಹೇಳು’ ಅಂದ.