ನೀರಿನ ಜಾಡು ಹಿಡಿದು ಡಾರ್ಟ್‌ಮೂರಿನ ತವರದ ಗಣಿಗಳಿಗೆ

ಇಂಗ್ಲೆಂಡಿನ ಡೆವನ್ ಸೀಮೆಯ ಡಾರ್ಟ್‌ಮೂರ್‌ನಲ್ಲಿ ಪಾಳುಬಿದ್ದ ಗಣಿ ನೋಡಬೇಕೆಂದರೆ ಪೋಸ್ಟ್‌ಬ್ರಿಜ್ ಹಳ್ಳಿಯಿಂದ ಈಶಾನ್ಯಕ್ಕೆ ಬಿ3212 ರಸ್ತೆಯಲ್ಲಿ ಮೂರು ಕಿಲೋಮೀಟರ್ ಹೋಗಿ ವಾರನ್ ಹೌಸ್ ಇನ್ ಹತ್ತಿರ ಇಳಿಯಬೇಕು. 1845ರಲ್ಲಿ ಕಟ್ಟಿದ ಈ ಹೋಟೆಲು ಸಮುದ್ರಮಟ್ಟದಿಂದ 434 ಮೀಟರ್ ಎತ್ತರದಲ್ಲಿದೆ. ಅಂದು ಹಚ್ಚಿದ ಒಲೆ ಇಂದಿಗೂ ಆರಿಲ್ಲ ಎಂದು ಅಲ್ಲಿ ಹೇಳುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಗಣಿಯ ಆಳುಗಳಿಂದಲೇ ಒಂದು ಕಾಲಕ್ಕೆ ಅದರ ವ್ಯಾಪಾರ ನಡೆಯುತ್ತಿತ್ತು. ಅಲ್ಲಿಂದ ವಿಟಿಫರ್ ಗಣಿಗೆ ಇಳಿದು, ಹೊಳೆಯ ಗುಂಟ ಗೋಲ್ಡನ್ ಡ್ಯಾಗರ್‌ಗೆ ಹೋಗಿ, ಸೌಸನ್ಸ್ ನೆಡುತೋಪಿನ ಅಂಚು ಸುತ್ತಿ, ಚಾಲಕೂಂಬ್ ಕಣಿವೆಯಿಂದ ಗ್ರಿಮ್ಸ್‌ಪೌಂಡ್ ಹತ್ತಿ, ಹೆಡ್‌ಲ್ಯಾಂಡ್ ವಾರನ್ ಮತ್ತು ಬೆನೆಟ್ಸ್ ಕ್ರಾಸ್ ಮೂಲಕ ವಾಪಸು ಬಂದರೆ ಸುಮಾರು ಹತ್ತು ಕಿಲೋಮೀಟರ್.

ಹತ್ತು ಕಿಲೋಮೀಟರ್ ತಾನೇ, ಎರಡು ತಾಸಿನ ಮಾತು ಎಂದುಕೊಂಡು ಮಧ್ಯಾಹ್ನ ಊಟ ಮಾಡಿ ಹೊರಡುವವರು ಇಲ್ಲಿ ಕೆಡುತ್ತಾರೆ. ತಾಸಿಗೆ ಐದು ಕಿಲೋಮೀಟರ್, ಜತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು ಎಂಬ ನೇಸ್ಮಿತ್ ಲೆಕ್ಕ ಗಟ್ಟಿ ಹಾದಿಗೆ ಸರಿ. ಅಗೆದು ಬಗೆದ ನೆಲದಲ್ಲಿ ಅದನ್ನು ಎರಡರಿಂದ ಗುಣಿಸುವುದು ಒಳ್ಳೆಯದು. ನೋಡುತ್ತ ಹೋಗುವವರಿಗೆ ಐದಾರು ತಾಸು ಬೇಕೇ ಬೇಕು. ಡಿಸೆಂಬರಿನಲ್ಲಿ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಆರ್ಡ್‌ನೆನ್ಸ್ ಸರ್ವೆಯ ಒಎಲ್28 ನಕ್ಷೆ, ದಿಕ್ಸೂಚಿ, ತಲೆಗೆ ಕಟ್ಟುವ ದೀಪ, ಕಣಕಾಲು ಮುಚ್ಚುವ ಬೂಟು ಇರಲಿ. ಕಣಿವೆಗೆ ಇಳಿದ ಮೇಲೆ ಫೋನಿನ ಸಿಗ್ನಲ್ ನೆಚ್ಚಬೇಡಿ.

ಮೊದಲ ನೋಟಕ್ಕೆ ಈ ಕಣಿವೆ ಬರೀ ಗೊಂದಲ. ಎಲ್ಲೆಂದರಲ್ಲಿ ದಿಬ್ಬ, ಹಳ್ಳ, ಮುರಿದ ಗೋಡೆ. ಕಟ್ಟಡ ಹುಡುಕಿ ಹೊರಟವರಿಗೆ ನಿರಾಸೆ ಖಂಡಿತ, ಯಾಕೆಂದರೆ ನಿಂತಿರುವ ಗೋಡೆ ಬಹಳ ಕಡಿಮೆ. ಇಲ್ಲಿ ಹುಡುಕಬೇಕಾದದ್ದು ನೀರನ್ನು. ಅದು ಎಲ್ಲಿಂದ ಬಂತು, ಎಲ್ಲಿ ಬಿತ್ತು, ಎಲ್ಲಿಗೆ ಹೋಯಿತು ಎಂದು ಕೇಳುತ್ತ ನಡೆದರೆ ಒಂದೊಂದು ಗುಂಡಿಗೂ ಅರ್ಥ ಬರುತ್ತದೆ.

ತವರ ಮೊದಲು ಸಿಕ್ಕಿದ್ದು ಹೊಳೆಯ ಜಲ್ಲಿಯಲ್ಲಿ. ಜಲ್ಲಿಗೆ ನೀರು ಹಾಯಿಸಿ, ಹಗುರವಾದದ್ದು ತೇಲಿಹೋದ ಮೇಲೆ ಉಳಿದ ಅದಿರನ್ನು ಬಾಚಿಕೊಳ್ಳುತ್ತಿದ್ದರು. ಕಣಿವೆಯ ತಳದಲ್ಲಿ ಸಾಲು ಹಿಡಿದು ಬಿದ್ದಿರುವ ಕಲ್ಲುರಾಶಿಗಳು ಆ ಕೆಲಸದ ಕಸ. ಜಲ್ಲಿ ಖಾಲಿಯಾದ ಮೇಲೆ ಬಂಡೆಯೊಳಗಿನ ಅದಿರಿನ ಪಟ್ಟಿಯನ್ನೇ ಮೇಲಿನಿಂದ ಅಗೆಯುತ್ತ ಹೋದರು. ವಿಟಿಫರ್ ಸುತ್ತಲಿನ ಉದ್ದುದ್ದ ಕಮರಿಗಳು ಹಾಗೆ ಆದವು. ಕೆಲವು ಕಡೆ ಎರಡಂತಸ್ತಿನ ಮನೆ ಮರೆಯಾಗುವಷ್ಟು ಆಳ. ಸುರಂಗ ತೋಡಿದ್ದು ಆಮೇಲಿನ ಮಾತು.

ಅದಿರು ಕುಟ್ಟಲು ಶಕ್ತಿ ಬೇಕು, ಕಣಿವೆಯ ಹೊಳೆಗಳು ಸಣ್ಣವು. ಅದಕ್ಕೆ ಈಸ್ಟ್ ಡಾರ್ಟ್ ನದಿಯಿಂದ ಹತ್ತು ಕಿಲೋಮೀಟರಿಗೂ ಉದ್ದದ ಕಾಲುವೆ ತೋಡಿ ನೀರು ತಂದರು. ಗುಡ್ಡದ ಮೈಯನ್ನು ಸುತ್ತಿ, ಒಂದೇ ಎತ್ತರದ ಕಂಟೂರ್ ಗೆರೆಯನ್ನೇ ಹಿಡಿದು, ಇಳಿದೂ ಇಳಿಯದಂತೆ ಬರುವ ಅದರ ಗೀರು ಇಂದಿಗೂ ಕಾಣುತ್ತದೆ. ಕಾಲುವೆ ಬೇಗ ಇಳಿದುಬಿಟ್ಟರೆ ಅದಿರು ಕುಟ್ಟಿಸುವ ನೀರುಚಕ್ರದ ನೆತ್ತಿಗೆ ನೀರು ಬೀಳುವುದಿಲ್ಲ. ಅಷ್ಟು ಎಚ್ಚರದಿಂದ ಮಟ್ಟ ಹಿಡಿದಿದ್ದಾರೆ. ಕಿರಿದಾದ, ಉದ್ದನೆಯ, ಕಲ್ಲು ಕಟ್ಟಿದ ಗುಂಡಿ ಕಂಡರೆ ಅದು ಚಕ್ರ ಕೂರುತ್ತಿದ್ದ ಜಾಗ. ಅಲ್ಲಿ ನಿಂತು ಮೇಲಕ್ಕೆ ನೋಡಿದರೆ ನೀರು ಬಂದ ದಾರಿ ಸಿಗುತ್ತದೆ, ಕೆಳಕ್ಕೆ ನೋಡಿದರೆ ಅದಿರು ತೊಳೆದ ತಟ್ಟು.

ಆ ತೊಳೆಯುವ ಜಾಗ ಗೋಲ್ಡನ್ ಡ್ಯಾಗರ್‌ನಲ್ಲಿ ಚೆನ್ನಾಗಿ ಉಳಿದಿದೆ. 1930ರ ಸುಮಾರಿಗೆ ನಿಂತ ಗಣಿಯಾದ್ದರಿಂದ ಬಡಲ್ ಎನ್ನುವ ದುಂಡನೆಯ ತೊಟ್ಟಿಗಳು ಇಲ್ಲಿ ಕಾಂಕ್ರೀಟಿನವು. ತೊಟ್ಟಿಯ ನಡುವೆ ಶಂಕುವಿನಾಕಾರದ ದಿಂಡು, ಅಲ್ಲಿಂದ ಅಂಚಿನವರೆಗೆ ಸಣ್ಣ ಇಳಿಜಾರು. ಚಕ್ರದಿಂದ ಎತ್ತಿ ಬಿಡುವ ಒನಕೆಗಳು ಕುಟ್ಟಿ ಮರಳು ಮಾಡಿದ ಅದಿರನ್ನು ನೀರಿನಲ್ಲಿ ಕಲಸಿ ನಡುದಿಂಡಿನ ಮೇಲೆ ಬಿಡುತ್ತಿದ್ದರು. ತವರದ ಅದಿರು ನೀರಿಗಿಂತ ಏಳು ಪಟ್ಟು ಭಾರ, ಅದರ ಜತೆ ಬರುವ ಬೆಣಚುಕಲ್ಲು ಎರಡೂವರೆ ಪಟ್ಟು ಚಿಲ್ಲರೆ. ಅಕ್ಕಿ ಗಾಲಿಸುವಾಗ ಕಲ್ಲು ತಳದಲ್ಲೇ ಉಳಿಯುತ್ತದಲ್ಲ, ಹಾಗೆ ಅದಿರು ನಡುವಿನ ಹತ್ತಿರವೇ ಕೂತು, ಬೆಣಚಿನ ಪುಡಿ ಅಂಚಿನವರೆಗೆ ಜಾರುತ್ತಿತ್ತು. ಮೇಲೆ ತಿರುಗುವ ತೋಳಿಗೆ ಕಟ್ಟಿದ ಕುಂಚ ಅಥವಾ ಬಟ್ಟೆ ಮಡ್ಡಿಯ ಮೈಯನ್ನು ಸವರುತ್ತಿರಬೇಕು. ಇಲ್ಲದಿದ್ದರೆ ನೀರು ಅದರಲ್ಲಿ ಕೊರಕಲು ಬಿಡಿಸಿಕೊಂಡು, ತವರವನ್ನೂ ಅಂಚಿಗೆ ತಳ್ಳಿಬಿಡುತ್ತದೆ. ತೊಟ್ಟಿ ತುಂಬಿದ ಮೇಲೆ ಮಡ್ಡಿಯನ್ನು ಉಂಗುರ ಉಂಗುರವಾಗಿ ಅಗೆದು, ನಡುವಿನ ಉಂಗುರವನ್ನು ಬೇರೆ ಇಟ್ಟು, ಮಿಕ್ಕದ್ದನ್ನು ಮತ್ತೆ ಹಾಯಿಸುವುದು. ಒಂದೇ ಸಲಕ್ಕೆ ಶುದ್ಧವಾಗುವ ಬಾಬತ್ತಲ್ಲ.

ಅಪಾಯದ ವಿಷಯ. ಬೇಲಿ ಹಾಕಿದ ಗಣಿಬಾವಿಗಳಿಗೆ ಹೆದರುವ ಕಾರಣ ಕಡಿಮೆ, ಬೇಲಿ ದಾಟದಿದ್ದರೆ ಆಯಿತು. ಕಾಡುವುದು ಕಮರಿಯ ಅಂಚು. ಜುಲೈ ಆಗಸ್ಟಿನಲ್ಲಿ ಜರೀಗಿಡ ಎದೆಮಟ್ಟ ಬೆಳೆದು ಅಂಚನ್ನು ಪೂರ್ತಿ ಮುಚ್ಚುತ್ತದೆ. ಕುರಿ ತುಳಿದ ದಾರಿ ಒಂದು ಹೆಜ್ಜೆ ಮುಂಚಿನವರೆಗೂ ನೇರ ಹೋಗಿ ಅಲ್ಲಿ ಕೊನೆಯಾಗುತ್ತದೆ. ಹಾಗೆಂದು ಕಮರಿಯ ತಳ ಹಿಡಿದರೂ ಕ್ಷೇಮವಿಲ್ಲ, ನೀರು ಹೋಗಲು ದಾರಿಯಿಲ್ಲದ ಕಡೆ ಜವುಗು. ಎಳೆ ಹಸಿರು ಪಾಚಿ ಕಂಡಲ್ಲಿ ಕಾಲಿಡಬೇಡಿ. ಒರಟು ಹುಲ್ಲಿನ ಗಡ್ಡೆಗಳ ಮೇಲೆ ಕಾಲಿಡುತ್ತ ದಾಟಿ. ದಾರಿಗೆ ತೆರೆದ ಸುರಂಗದ ಬಾಯಿ ಸಿಕ್ಕರೆ ಹೊರಗಿನಿಂದ ನೋಡಿದರೆ ಸಾಕು. ಮಂಜು ಕವಿದರೆ ನಾನಂತೂ ಕಮರಿ ಬಿಟ್ಟು ಹೊಳೆಯ ಪಕ್ಕದ ದೊಡ್ಡ ಹಾದಿಯನ್ನೇ ಹಿಡಿಯುತ್ತೇನೆ. ಜರೀಗಿಡದಲ್ಲಿ ನುಗ್ಗಿ ಬಂದ ದಿನ ರಾತ್ರಿ ಮಂಡಿಯ ಹಿಂಭಾಗ, ತೊಡೆಸಂದು ನೋಡಿಕೊಳ್ಳಿ. ಅಲ್ಲಿ ಕಚ್ಚಿಕೊಳ್ಳುವ ರಕ್ತ ಹೀರುವ ಉಣ್ಣಿಗಳಿಂದ ಲೈಮ್ ಕಾಯಿಲೆ ಬರಬಹುದು.

ಗ್ರಿಮ್ಸ್‌ಪೌಂಡ್ ಗಣಿಗಿಂತ ಬಹಳ ಹಳೆಯದು. ಕಂಚಿನ ಯುಗದ ಊರು, ದಪ್ಪ ಕಲ್ಲುಗೋಡೆಯೊಳಗೆ 24 ದುಂಡು ಗುಡಿಸಲುಗಳ ಬುಡ. 1894ರಲ್ಲಿ ಅಗೆದವರು ಕೆಲವನ್ನು ತಾವೇ ಎತ್ತಿ ಕಟ್ಟಿದ್ದಾರೆ. ವಾಪಸು ಬರುವಾಗ ಬರ್ಚ್ ಟೋರ್ ಇಳಿಜಾರಿನಲ್ಲಿ ನಾಲ್ಕು ಸಣ್ಣ ಗದ್ದೆಗಳ ಕಟ್ಟೆ ಕಾಣುತ್ತದೆ. 1638ರಲ್ಲಿ ವೈಡ್‌ಕೂಂಬ್ ಚರ್ಚಿಗೆ ಸಿಡಿಲು ಬಡಿದ ದಿನ ಸೈತಾನ ಹೊತ್ತೊಯ್ದ ಜೂಜುಕೋರನ ಕೈಯಿಂದ ಉದುರಿದ ಇಸ್ಪೀಟಿನ ಎಕ್ಕಗಳು ಅವು ಎಂದು ಕತೆ. ಸಿಡಿಲು ನಿಜ.

ಕನ್ನಡಿಗರಿಗೆ ಇನ್ನೊಂದು ಜಾಗ ಹೇಳಲೇಬೇಕು. ಇದೇ ಡಾರ್ಟ್‌ಮೂರಿನ ಪಶ್ಚಿಮದ ಅಂಚಿನಲ್ಲಿ, ಮೇರಿ ಟೇವಿ ಊರಿನ ವೀಲ್ ಫ್ರೆಂಡ್‌ಶಿಪ್ ಗಣಿಗೆ 1798ರಲ್ಲಿ ಹತ್ತೊಂಬತ್ತರ ಹುಡುಗ ಜಾನ್ ಟೇಲರ್ ಮ್ಯಾನೇಜರಾಗಿ ಬಂದ. ಅವನು ಕಟ್ಟಿ ಬೆಳೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯೇ 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿದ್ದು. ಅಲ್ಲೂ ಇದೇ ಒನಕೆಗಳು ಕಲ್ಲು ಕುಟ್ಟಿದವು. ಆದರೆ ಚಿನ್ನದ ಕಣ ತೀರಾ ಸಣ್ಣದು, ನೀರಿನಲ್ಲಿ ತೊಳೆದು ಪೂರ್ತಿ ಹಿಡಿಯಲಾಗದೆ ಸಯನೈಡ್ ಹಾಕಬೇಕಾಯಿತು. ಕೆಜಿಎಫ್‌ನ ಸಯನೈಡ್ ದಿಬ್ಬಗಳು ಹಾಗೆ ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ. ಡಾರ್ಟ್‌ಮೂರಿನ ಪುಡಿಯನ್ನು ಹೊಳೆಗಳು ಹೊತ್ತು ಸಮುದ್ರದ ಕಡೆಗೆ ಒಯ್ದವು, ಪ್ಲಿಂಪ್ಟನ್ ಬಂದರು ಹೂಳು ತುಂಬಿದ್ದು ಹಾಗೆ.

ಮೇರಿ ಟೇವಿಯ ಉತ್ತರಕ್ಕೆ ಎ386 ರಸ್ತೆಯ ಕೆಳಗೇ ವೀಲ್ ಬೆಟ್ಸಿಯ ಎಂಜಿನ್ ಮನೆ ಚಿಮಣಿ ಸಮೇತ ನಿಂತಿದೆ, ರಸ್ತೆಯಿಂದಲೇ ಕಾಣುತ್ತದೆ. ಬೆಳಿಗ್ಗೆ ಮೊದಲು ಅದನ್ನು ನೋಡಿ ಮುಗಿಸಿ ವಾರನ್ ಹೌಸ್ ಕಡೆಗೆ ಗಾಡಿ ತಿರುಗಿಸಬಹುದು. ಅದು ಸೀಸ ಮತ್ತು ಬೆಳ್ಳಿಯ ಗಣಿ. ಸುತ್ತಲಿನ ಮಣ್ಣನ್ನು ಮುಟ್ಟಿದ್ದರೆ ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ.